ಸೆರೆಯಲ್ಲಿರುವ ಅರಸರು
(ಕ್ರಿಸ್ತರಾಜರ ಮಹೋತ್ಸವದ ಪ್ರಬೋಧನೆ)



ಇಂದು ಪೂಜಾವರ್ಷದ ಕೊನೆಯ ಭಾನುವಾರ. ಮುಂದಿನ ವಾರ ಆಗಮನಕಾಲದ ಮೊದಲ ಮೇಣದಬತ್ತಿಯನ್ನು ಹಚ್ಚುತ್ತೇವೆ. ವರ್ಷದ ಈ ಕೊನೆಯ ಹೊತ್ತಿನಲ್ಲಿ ಧರ್ಮಸಭೆ ನಮ್ಮ ಮುಂದೆ ಯೇಸುಸ್ವಾಮಿಯನ್ನು ಅರಸರನ್ನಾಗಿ ನಿಲ್ಲಿಸುತ್ತದೆ. ಸಂತ ಮತ್ತಾಯನು ಬರೆದ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯವನ್ನು ಈಗ ತಾನೇ ಕೇಳಿದೆವು. ಅರಸರು ಸಿಂಹಾಸನದ ಮೇಲೆ ಕುಳಿತು ಎಲ್ಲ ಜನಾಂಗಗಳಿಗೂ ತೀರ್ಪು ಹೇಳುತ್ತಾರೆ. ಅವರು ಕೇಳುವುದು ನಮ್ಮ ಜಾತಿಯನ್ನಲ್ಲ, ಪಕ್ಷವನ್ನಲ್ಲ, ಕಟ್ಟಿಸಿದ ಗೋಪುರದ ಎತ್ತರವನ್ನೂ ಅಲ್ಲ. ಹಸಿದಿದ್ದಾಗ ಊಟ ಕೊಟ್ಟೆಯಾ, ಕಾಯಿಲೆ ಬಿದ್ದಾಗ ಆರೈಕೆ ಮಾಡಿದೆಯಾ, ಸೆರೆಯಲ್ಲಿದ್ದಾಗ ನೋಡಲು ಬಂದೆಯಾ ಎಂದು ಕೇಳುತ್ತಾರೆ.

ಹಸಿದವರಿಗೆ ಅನ್ನ ಕೊಡುವುದು ನಮಗೆ ಗೊತ್ತು. ರೋಗಿಗಳನ್ನು ನೋಡಲು ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋಗುತ್ತೇವೆ. ಸೆರೆಮನೆ ಎಂದಾಗ ಮಾತ್ರ ನಮ್ಮ ಕಾಲು ಹಿಂದೆ ಸರಿಯುತ್ತದೆ. "ತಪ್ಪು ಮಾಡದೆ ಒಳಗೆ ಹಾಕುತ್ತಾರೆಯೇ?" ಎಂದು ಮಾತು ಮುಗಿಸುತ್ತೇವೆ. ಅರಸರು ನಾನು ಸೆರೆಯಲ್ಲಿದ್ದೆ ಎನ್ನುವಾಗ, ತಪ್ಪಿತಸ್ಥನಾಗಿದ್ದೆನೋ ನಿರಪರಾಧಿಯಾಗಿದ್ದೆನೋ ಎಂಬ ಮಾತನ್ನೇ ಎತ್ತುವುದಿಲ್ಲ. ಇಂದು ಈ ಒಂದು ಮಾತನ್ನು ಹಿಡಿದು ಸ್ವಲ್ಪ ಯೋಚಿಸೋಣ.

ಈ ಹಬ್ಬ ಅಷ್ಟೇನೂ ಹಳೆಯದಲ್ಲ. 1925ರ ಡಿಸೆಂಬರ್‌ನಲ್ಲಿ ಹನ್ನೊಂದನೆಯ ಪಯಸ್ ಜಗದ್ಗುರುಗಳು ಇದನ್ನು ಸ್ಥಾಪಿಸಿದರು. ಮೊದಲನೆಯ ಮಹಾಯುದ್ಧ ಮುಗಿದು ಏಳು ವರ್ಷವಾಗಿತ್ತು. ಯೂರೋಪಿನಲ್ಲಿ ಒಬ್ಬೊಬ್ಬ ಸರ್ವಾಧಿಕಾರಿ ತಲೆ ಎತ್ತುತ್ತಿದ್ದ ಕಾಲ ಅದು. ಯಾವ ಮನುಷ್ಯನಾಗಲಿ ಯಾವ ಸರಕಾರವಾಗಲಿ ದೇವರ ಜಾಗದಲ್ಲಿ ಕೂರಬಾರದು ಎಂದು ನೆನಪಿಸಲು ಬಂದ ಹಬ್ಬ ಇದು. ಮೊದಲು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಆಚರಿಸುತ್ತಿದ್ದರು. 1969ರಲ್ಲಿ ಆರನೆಯ ಪೌಲರು ಇದನ್ನು ಪೂಜಾವರ್ಷದ ಕೊನೆಗೆ ತಂದರು.

ಹಬ್ಬ ಹುಟ್ಟಿ ಹನ್ನೊಂದು ವರ್ಷಕ್ಕೆ, 1936ರಲ್ಲಿ, ಕಥೋಲಿಕರೇ ತುಂಬಿದ್ದ ಸ್ಪೇನ್ ದೇಶದಲ್ಲಿ ಅಂತರ್ಯುದ್ಧ ಶುರುವಾಯಿತು. ಮೂರು ವರ್ಷ ಅಣ್ಣತಮ್ಮಂದಿರೇ ಬಡಿದಾಡಿದರು. ಸತ್ತವರು ಸುಮಾರು ಐದು ಲಕ್ಷ ಎಂದು ಅಂದಾಜು. ಒಂದು ಕಡೆ ಸರಕಾರದ ಪಕ್ಷದವರು ಇಗರ್ಜಿಗಳನ್ನು ಸುಟ್ಟರು. ಹದಿಮೂರು ಧರ್ಮಾಧ್ಯಕ್ಷರೂ ಸೇರಿದಂತೆ ಸುಮಾರು ಏಳು ಸಾವಿರ ಗುರುಗಳು, ಸಹೋದರರು, ಕನ್ಯಾಸ್ತ್ರೀಯರು ಕೊಲೆಯಾದರು. ಅವರಲ್ಲಿ ಎಷ್ಟೋ ಮಂದಿ ಕ್ರಿಸ್ತರಾಜರಿಗೆ ಜಯಕಾರ ಹಾಕುತ್ತಾ, ಕೊಲ್ಲುವವರನ್ನು ಕ್ಷಮಿಸುತ್ತಾ ಪ್ರಾಣ ಕೊಟ್ಟರು. 2007ರ ಅಕ್ಟೋಬರ್‌ನಲ್ಲಿ ರೋಮ್ ನಗರದಲ್ಲಿ 498 ಮಂದಿಗೆ ಒಂದೇ ದಿನ ಧನ್ಯ ಪದವಿ ಕೊಡಲಾಯಿತು. ನಾವು ಅವರನ್ನು ರಕ್ತಸಾಕ್ಷಿಗಳೆಂದು ಗೌರವಿಸುತ್ತೇವೆ.

ಆದರೆ ಕಥೆ ಅಷ್ಟಕ್ಕೇ ಮುಗಿಯುವುದಿಲ್ಲ, ಪ್ರಿಯರೇ. ಇನ್ನೊಂದು ಕಡೆ ಜನರಲ್ ಫ್ರಾಂಕೋ ಅವರ ಸೈನ್ಯವಿತ್ತು. ಅದು ತನ್ನ ಯುದ್ಧವನ್ನು ಧರ್ಮಯುದ್ಧವೆಂದು ಕರೆದುಕೊಂಡಿತು. ಶಿಲುಬೆಯನ್ನು ಮುಂದಿಟ್ಟುಕೊಂಡು ಶಾಲಾ ಮಾಸ್ತರರನ್ನು, ಕೂಲಿಕಾರರನ್ನು, ಊರ ಮುಖಂಡರನ್ನು ರಸ್ತೆಯ ಪಕ್ಕದ ಹಳ್ಳಗಳಲ್ಲಿ ಗುಂಡಿಟ್ಟು ಹೂತುಹಾಕಿತು. ಬಾಸ್ಕ್ ನಾಡಿನ ಕೆಲವು ಗುರುಗಳನ್ನೂ ಆ ಸೈನ್ಯವೇ ಕೊಂದಿತು. ಹೀಗೆ ಹೂತುಹೋಗಿ ಲೆಕ್ಕಕ್ಕೆ ಸಿಗದವರು ಒಂದು ಲಕ್ಷಕ್ಕೂ ಹೆಚ್ಚು. ಒಂದೇ ಅರಸರ ಹೆಸರನ್ನು ಸಾಯುವವರೂ ಹೇಳಿದರು, ಕೊಲ್ಲುವವರೂ ಹೇಳಿದರು.

1937ರ ಜುಲೈನಲ್ಲಿ ಸ್ಪೇನಿನ ಧರ್ಮಾಧ್ಯಕ್ಷರು ಒಟ್ಟಾಗಿ ಫ್ರಾಂಕೋ ಪಕ್ಷಕ್ಕೆ ಬೆಂಬಲವಾಗಿ ಪತ್ರ ಬರೆದರು. ತಮ್ಮ ಗುರುಗಳ ರಕ್ತ ಇನ್ನೂ ಹಸಿಯಾಗಿದ್ದಾಗ ಹಾಗೆ ಬರೆದದ್ದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ಆದರೂ ತಾರ್ರಗೋನದ ಮಹಾಧರ್ಮಾಧ್ಯಕ್ಷರಾದ ಕಾರ್ಡಿನಲ್ ವಿದಾಲ್ ಇ ಬರ್ರಾಕೆರ್ ಆ ಪತ್ರಕ್ಕೆ ಸಹಿ ಹಾಕಲಿಲ್ಲ. ಅವರ ಸಹಾಯಕ ಧರ್ಮಾಧ್ಯಕ್ಷರನ್ನೇ ಶತ್ರುಗಳು ಕೊಂದಿದ್ದರು. ಆದರೂ ಧರ್ಮಸಭೆ ಒಂದು ಪಕ್ಷದ ಆಸ್ತಿಯಾಗಬಾರದು ಎಂದು ಅವರು ನಂಬಿದರು. ಅದಕ್ಕೆ ಅವರು ತೆತ್ತ ಬೆಲೆ ಏನು? ಯುದ್ಧ ಮುಗಿದ ಮೇಲೂ ತಮ್ಮ ಪೀಠಕ್ಕೆ ಮರಳಲು ಫ್ರಾಂಕೋ ಬಿಡಲಿಲ್ಲ. 1943ರಲ್ಲಿ ಪರದೇಶವಾದ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡರು.

ಮುಂದೆ ಮೂವತ್ತಾರು ವರ್ಷ ಸ್ಪೇನ್ ಒಬ್ಬ ವ್ಯಕ್ತಿಯ ಕೈಯಲ್ಲಿತ್ತು. ಕಾಲ ಕಳೆದಂತೆ ಧರ್ಮಸಭೆಯೊಳಗೂ ಮನಸ್ಸು ಬದಲಾಯಿತು. ಕೂಲಿಕಾರರ ಪರವಾಗಿ, ಜನರ ಭಾಷೆಯ ಪರವಾಗಿ ಮಾತಾಡಿದ ಗುರುಗಳನ್ನು ಹಾಕಲೆಂದೇ 1968ರಲ್ಲಿ ಸಮೋರಾ ಎಂಬ ಊರಿನ ಜೈಲಿನಲ್ಲಿ ಒಂದು ಪ್ರತ್ಯೇಕ ವಿಭಾಗ ತೆರೆಯಬೇಕಾಯಿತು. 1971ರಲ್ಲಿ ಧರ್ಮಾಧ್ಯಕ್ಷರೂ ಗುರುಗಳೂ ಕೂಡಿದ ಸಭೆಯಲ್ಲಿ ಒಂದು ಠರಾವು ಬಂತು: ಅಣ್ಣತಮ್ಮಂದಿರ ಯುದ್ಧದಲ್ಲಿ ನಾವು ರಾಜಿ ಮಾಡಿಸುವವರಾಗಿ ನಡೆಯಲಿಲ್ಲ, ಅದಕ್ಕೆ ಕ್ಷಮೆ ಬೇಡುತ್ತೇವೆ ಎಂಬುದು ಅದರ ಸಾರ. ಹೆಚ್ಚು ಜನ ಅದರ ಪರವಾಗಿ ಮತ ಹಾಕಿದರು. ಆದರೆ ಬೇಕಾಗಿದ್ದ ಮೂರರಲ್ಲಿ ಎರಡು ಪಾಲು ಮತ ಸಿಗಲಿಲ್ಲ. ಕ್ಷಮೆ ಕೇಳುವುದು ಎಷ್ಟು ಕಷ್ಟ ನೋಡಿ! ಪ್ರತಿದಿನ ಇತರರಿಗೆ ಪಾಪನಿವೇದನೆ ಮಾಡಿಸುವ ಗುರುಗಳಿಗೇ ಅಷ್ಟು ಕಷ್ಟವಾಯಿತು.

1975ರ ನವೆಂಬರ್ 20ರಂದು ಫ್ರಾಂಕೋ ತೀರಿಕೊಂಡರು. ಒಂದು ವಾರದ ನಂತರ ಹೊಸ ರಾಜನಿಗಾಗಿ ನಡೆದ ಬಲಿಪೂಜೆಯಲ್ಲಿ ಕಾರ್ಡಿನಲ್ ತರಾಂಕೋನ್ ಪ್ರಬೋಧನೆ ಮಾಡಿದರು. ರಾಜ ಎಲ್ಲ ಸ್ಪೇನಿನವರಿಗೂ ರಾಜನಾಗಬೇಕು, ಎಲ್ಲರಿಗೂ ಸ್ವಾತಂತ್ರ್ಯ ಸಿಗಬೇಕು, ಧರ್ಮಸಭೆ ತನಗಾಗಿ ಯಾವ ವಿಶೇಷ ಸವಲತ್ತನ್ನೂ ಕೇಳುವುದಿಲ್ಲ ಎಂಬುದು ಅದರ ತಿರುಳು. 1977ರ ಜೂನ್‌ನಲ್ಲಿ ಚುನಾವಣೆಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಲ್ಲರಿಗೂ ಮಾಫಿ ಕೊಡುವ ಕಾನೂನು ಬಂತು. ಜೈಲಿನಲ್ಲಿದ್ದವರು ಹೊರಗೆ ಬಂದರು. ಜೈಲಿಗೆ ಹಾಕಿ ಹಿಂಸಿಸಿದವರೂ ಪಾರಾದರು. ಹಳೆಯದನ್ನು ಕೆದಕುವುದು ಬೇಡ ಎಂದು ಎರಡೂ ಕಡೆಯವರು ಒಪ್ಪಿಕೊಂಡರು. ಅದರಿಂದ ಮತ್ತೊಂದು ಯುದ್ಧ ತಪ್ಪಿತು, ಅದು ಸಣ್ಣ ಮಾತಲ್ಲ.

ಆದರೆ ಹಳ್ಳದಲ್ಲಿ ಹೂತವರು ಹಳ್ಳದಲ್ಲೇ ಉಳಿದರು. ಅಜ್ಜಿಯರು ಮಕ್ಕಳಿಗೆ ಹೇಳದೆ ಕಣ್ಣು ಮುಚ್ಚಿದರು. 2000ನೆಯ ಇಸವಿಯಲ್ಲಿ ಎಮಿಲಿಯೋ ಸಿಲ್ವಾ ಎಂಬ ಪತ್ರಕರ್ತ ತನ್ನ ಅಜ್ಜನನ್ನು ಹುಡುಕಿಕೊಂಡು ಹೊರಟ. ಪ್ರಿಯರಾಂಸ ಎಂಬ ಊರ ಹೊರಗೆ ರಸ್ತೆಯ ಪಕ್ಕ ಅಗೆದಾಗ ಹದಿಮೂರು ಜನರ ಮೂಳೆಗಳು ಸಿಕ್ಕವು. ಡಿಎನ್‌ಎ ಪರೀಕ್ಷೆಯಿಂದ ಅಜ್ಜನ ಗುರುತು ಹತ್ತಿತು. ಅಲ್ಲಿಂದ ದೇಶದ ಉದ್ದಗಲಕ್ಕೂ ಮೊಮ್ಮಕ್ಕಳು ಕೇಳತೊಡಗಿದರು. 2007ರಲ್ಲಿ ಮತ್ತು 2022ರಲ್ಲಿ ಇದಕ್ಕಾಗಿಯೇ ಕಾನೂನುಗಳು ಬಂದವು. ಎರಡೂ ಕಡೆಯ 33 ಸಾವಿರಕ್ಕೂ ಹೆಚ್ಚು ಮೃತರಿರುವ ಬೆಟ್ಟದ ದೊಡ್ಡ ಇಗರ್ಜಿಯಲ್ಲಿ ಪೂಜಾಪೀಠದ ಹಿಂದೆ ಫ್ರಾಂಕೋ ಸಮಾಧಿ ಇತ್ತು. 2019ರ ಅಕ್ಟೋಬರ್ 24ರಂದು ಅದನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಟ್ಟರು. ಇಂದಿಗೂ ಅಲ್ಲಿ ಬೀದಿಯ ಹೆಸರಿಗೆ ಜಗಳವಿದೆ. ಒಂದೇ ಮನೆಯಲ್ಲಿ ಊಟಕ್ಕೆ ಕೂತಾಗ ಆ ಮಾತು ಬಂದರೆ ಒಬ್ಬರು ಎದ್ದುಹೋಗುವುದಿದೆ.

"ಫಾದರ್, ಸ್ಪೇನಿನ ವಿಷಯ ನಮಗೇಕೆ? ನಾವು ಲೋಕಿಕೆರೆಯವರು, ದಾವಣಗೆರೆಯವರು, ಹರಿಹರದವರು" ಎಂದು ನೀವು ಕೇಳಬಹುದು. ಕಾರಣವಿದೆ. ಯಾವ ವರ್ಷ ಸ್ಪೇನ್ ಸರ್ವಾಧಿಕಾರದಿಂದ ಹೊರಗೆ ಕಾಲಿಟ್ಟಿತೋ ಅದೇ 1975ರಲ್ಲಿ ನಮ್ಮ ದೇಶ ಅದರ ಬಾಗಿಲ ಒಳಗೆ ಕಾಲಿಟ್ಟಿತು. ನಮ್ಮಲ್ಲಿ ಅಂತರ್ಯುದ್ಧವಾಗಲಿಲ್ಲ, ದೇವರಿಗೆ ಸ್ತೋತ್ರ. ಅಲ್ಲಿ ಮೂವತ್ತಾರು ವರ್ಷ, ಇಲ್ಲಿ ಇಪ್ಪತ್ತೊಂದು ತಿಂಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಆದರೆ ಮನೆಯೊಳಗೆ ಉಳಿಯುವ ಮೌನ ಒಂದೇ ಬಗೆಯದು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ನಮ್ಮ ಹಿರಿಯರ ಬಾಯಲ್ಲಿ ಅದು ಎಮರ್ಜೆನ್ಸಿ. ಸಂಸತ್ತಿನ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಮರುದಿನ ಬೆಳಿಗ್ಗೆಯೇ ಹಿಡಿದು ಸೆಂಟ್ರಲ್ ಜೈಲಿಗೆ ಕಳಿಸಿದರು. ಪತ್ರಿಕೆಗಳ ಬಾಯಿ ಕಟ್ಟಿದರು. ಮೀಸಾ ಮತ್ತು ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ದೇಶದಲ್ಲಿ ಸೆರೆಯಾದವರು ಒಂದು ಲಕ್ಷಕ್ಕೂ ಹೆಚ್ಚು ಎಂದು ನಂತರ ಷಾ ಆಯೋಗ ಲೆಕ್ಕ ಕೊಟ್ಟಿತು. 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಚಿಕಿತ್ಸೆಗಳಾದವು. ಎಷ್ಟೋ ಕಡೆ, ಅದರಲ್ಲೂ ಉತ್ತರ ಭಾರತದಲ್ಲಿ, ಬಡವರನ್ನು ಹಿಡಿದುಕೊಂಡು ಹೋಗಿ ಮಾಡಿದರು. ಮನುಷ್ಯನ ಮೈ ಸರಕಾರದ ಲೆಕ್ಕಪುಸ್ತಕದ ಒಂದು ಅಂಕಿಯಾಯಿತು.

ಆಗ ದಾವಣಗೆರೆ, ಹರಿಹರ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದವು. ಇಂದು ನಮ್ಮ ಜಿಲ್ಲೆಯಲ್ಲಿರುವ ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲರು ಆ ದಿನಗಳಲ್ಲಿ ಸೆರೆಮನೆ ಕಂಡವರು. ಅವರೇ ಮುಖ್ಯಮಂತ್ರಿಯಾಗಿದ್ದಾಗ, 1997ರಲ್ಲಿ, ದಾವಣಗೆರೆ ಜಿಲ್ಲೆಯಾಯಿತು. ಜಿಲ್ಲಾ ಕಚೇರಿಗೆ ಹೋಗಿ ಬರುವ ನಮ್ಮ ಯುವಕರಲ್ಲಿ ಎಷ್ಟು ಮಂದಿಗೆ ಇದು ಗೊತ್ತು?

ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಎಂಬ ತಾಯಿ ಇದ್ದರು. 'ಸಂಸ್ಕಾರ' ಸಿನಿಮಾದಲ್ಲಿ ಚಂದ್ರಿಯ ಪಾತ್ರ ಮಾಡಿದವರು. ಭೂಗತರಾಗಿದ್ದ ಜಾರ್ಜ್ ಫೆರ್ನಾಂಡಿಸರ ಸ್ನೇಹಿತೆ ಎಂಬ ಕಾರಣಕ್ಕೆ 1976ರ ಮೇ ತಿಂಗಳಲ್ಲಿ ಅವರನ್ನು ಬಂಧಿಸಿದರು. ಅವರಿಗೆ ತೀವ್ರವಾದ ಆಸ್ತಮಾ ಇತ್ತು. ರಾತ್ರಿಯ ನಿಶ್ಶಬ್ದದಲ್ಲಿ ಅವರ ನರಳಾಟ ಕೇಳಿಸುತ್ತಿತ್ತು ಎಂದು ಅದೇ ಜೈಲಿನಲ್ಲಿದ್ದ ದಂಡವತೆ ನೆನಪಿಸಿಕೊಂಡಿದ್ದಾರೆ. ಎಂಟು ತಿಂಗಳ ನಂತರ, ದೇಹ ಪೂರ್ತಿ ಸೋತಾಗ, 1977ರ ಜನವರಿ 15ರಂದು ಪೆರೋಲ್ ಮೇಲೆ ಬಿಟ್ಟರು. ಐದೇ ದಿನಕ್ಕೆ ತೀರಿಕೊಂಡರು. ಅವರ ಮೇಲಿನ ಆರೋಪ ಯಾವ ನ್ಯಾಯಾಲಯದಲ್ಲೂ ರುಜುವಾಗಲಿಲ್ಲ.

ಇನ್ನೊಂದು ಮನೆ ನಮ್ಮದೇ ಧರ್ಮಸಭೆಯ ಮನೆ. ಮಂಗಳೂರು ಮೂಲದ ಫೆರ್ನಾಂಡಿಸ್ ಕುಟುಂಬ ಬೆಂಗಳೂರಿನಲ್ಲಿ ವಾಸವಾಗಿತ್ತು. ಹಿರಿಯ ಮಗ ಜಾರ್ಜ್ ಒಂದು ಕಾಲಕ್ಕೆ ಬೆಂಗಳೂರಿನ ಸಂತ ಪೇತ್ರರ ಗುರುಮಠದಲ್ಲಿ ಓದಿದವರು. ಅವರು ಎಲ್ಲಿ ಅಡಗಿದ್ದಾರೆ ಎಂದು ತಿಳಿಯಲು 1976ರ ಮೇ 1ರ ರಾತ್ರಿ ಪೊಲೀಸರು ತಮ್ಮ ಲಾರೆನ್ಸರನ್ನು ಮನೆಯಿಂದ ಕರೆದೊಯ್ದರು. ದಿನಗಟ್ಟಲೆ ಎಲ್ಲಿದ್ದಾರೆಂದು ಮನೆಯವರಿಗೆ ಹೇಳಲಿಲ್ಲ. ಹೊಡೆತಕ್ಕೆ ನಡೆಯಲೂ ಆಗದ ಸ್ಥಿತಿಯಲ್ಲಿ ಮಗನನ್ನು ಕಂಡ ತಾಯಿ ಆಲಿಸ್ ದೇಶದ ರಾಷ್ಟ್ರಪತಿಗೇ ಪತ್ರ ಬರೆದರು. ನನ್ನ ಮಗನಿಗೆ ಏನು ಮಾಡಿದರು ಎಂಬುದನ್ನು ಒಂದೊಂದಾಗಿ ಹೇಳಿದರು. ಜಾರ್ಜ್ ಫೆರ್ನಾಂಡಿಸರ ಮುಂದಿನ ರಾಜಕೀಯದ ಬಗ್ಗೆ ನಮ್ಮಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ, ಇರಲಿ. ಆ ತಾಯಿಯ ಕಣ್ಣೀರಿನ ಬಗ್ಗೆ ಎರಡು ಅಭಿಪ್ರಾಯ ಇರಲಾರದು. ಶಿಲುಬೆಯ ಕೆಳಗೆ ನಿಂತ ಮಾತೆ ಮರಿಯಮ್ಮನವರನ್ನು ಪ್ರಾರ್ಥಿಸುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೆ ನಮ್ಮ ಮನೆಗಳಲ್ಲಿ ಇದರ ನೆನಪು ಏಕೆ ಇಲ್ಲ? ಏಕೆಂದರೆ ನಮ್ಮ ನೆನಪು ಒಂದೇ ಬಣ್ಣದ್ದಲ್ಲ. "ಆಗ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಆಫೀಸಿನಲ್ಲಿ ಗುಮಾಸ್ತ ಕುರ್ಚಿಯಲ್ಲಿರುತ್ತಿದ್ದ" ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಅದಕ್ಕಿಂತ ದೊಡ್ಡ ಕಾರಣವೂ ಇದೆ. ದೇವರಾಜ ಅರಸರ ಭೂಸುಧಾರಣೆ ನಡೆದದ್ದು ಅದೇ ವರ್ಷಗಳಲ್ಲಿ. 1974ರ ಕಾನೂನಿನಿಂದ ಗೇಣಿ ರೈತರು ಅರ್ಜಿ ಹಾಕಿ ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. 1976ರಲ್ಲಿ ಜೀತಪದ್ಧತಿಯನ್ನು ಕಾನೂನಿನಿಂದ ರದ್ದು ಮಾಡಿದರು. ತಲೆತಲಾಂತರದಿಂದ ಬೇರೆಯವರ ಹೊಲದಲ್ಲಿ ದುಡಿದವನಿಗೆ ಪಹಣಿಯಲ್ಲಿ ತನ್ನ ಹೆಸರು ಕಂಡ ವರ್ಷ ಅದು. ಅವನು ಆ ಕಾಲವನ್ನು ಕತ್ತಲೆ ಎಂದು ಹೇಗೆ ಹೇಳಿಯಾನು? 1977ರ ಮಾರ್ಚ್ ಚುನಾವಣೆಯಲ್ಲಿ ಉತ್ತರ ಭಾರತ ಇಂದಿರಾ ಗಾಂಧಿಯವರನ್ನು ಸೋಲಿಸಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅವರ ಪಕ್ಷಕ್ಕೇ ಕೊಟ್ಟಿತು. 1978ರ ನವೆಂಬರ್‌ನಲ್ಲಿ ನಮ್ಮ ನೆರೆಯ ಚಿಕ್ಕಮಗಳೂರು ಅವರನ್ನು ಮತ್ತೆ ಲೋಕಸಭೆಗೆ ಕಳಿಸಿತು.

ಹೀಗೆ ಒಬ್ಬನಿಗೆ ನೆಲ ಸಿಕ್ಕಿದ ಕಾಲ ಇನ್ನೊಬ್ಬಳಿಗೆ ಉಸಿರು ನಿಂತ ಕಾಲವಾಗಿತ್ತು. ಎರಡೂ ನಿಜ. ಒಂದು ನಿಜವನ್ನು ಹಿಡಿದು ಇನ್ನೊಂದನ್ನು ಮುಚ್ಚುವುದು ಸುಳ್ಳು ಹೇಳಿದ ಹಾಗೆ. ನೆಲ ಕೊಟ್ಟದ್ದು ಒಳ್ಳೆಯದು. ಆದರೆ ನೆಲ ಕೊಡಲು ಯಾರ ಮಗನನ್ನೂ ರಾತ್ರಿ ಮನೆಯಿಂದ ಎಳೆದೊಯ್ಯಬೇಕಾಗಿರಲಿಲ್ಲ. ಆ ಕಾನೂನು ಎಮರ್ಜೆನ್ಸಿಗಿಂತ ಮೊದಲೇ, ಶಾಸನಸಭೆಯಲ್ಲಿ ಚರ್ಚೆಯಾಗಿ ಬಂದದ್ದು.

ಪ್ರಿಯರೇ, ಹಳೆಯ ಗಾಯದ ಜೊತೆ ನಾವು ಎರಡು ಬಗೆಯಲ್ಲಿ ತಪ್ಪಾಗಿ ನಡೆದುಕೊಳ್ಳುತ್ತೇವೆ.

ಮೊದಲನೆಯದು, ಮುಚ್ಚಿಡುವುದು. "ಆದದ್ದು ಆಯಿತು, ಬಿಡಿ" ಎನ್ನುವುದು. ಇದನ್ನೇ ನಾವು ಕ್ಷಮೆ ಎಂದು ಕರೆಯುತ್ತೇವೆ. ಆದರೆ ಯೋಸೇಫನನ್ನು ನೋಡಿ. ಅಣ್ಣಂದಿರು ಅವನನ್ನು ಗುಂಡಿಗೆ ತಳ್ಳಿ ಮಾರಿದರು. ಈಜಿಪ್ಟಿನಲ್ಲಿ ಅವರು ಎದುರಿಗೆ ಬಂದು ನಿಂತಾಗ ಅವನು ಏನೂ ಆಗಲೇ ಇಲ್ಲವೆಂದು ನಟಿಸಲಿಲ್ಲ. ನೀವು ಮಾರಿದ ತಮ್ಮ ನಾನೇ ಎಂದು ಹೆಸರಿಟ್ಟು ಹೇಳಿದ. ಹೇಳಿ, ಜೋರಾಗಿ ಅತ್ತು, ಅಪ್ಪಿಕೊಂಡ. ಪುನರುತ್ಥಾನರಾದ ಯೇಸುಸ್ವಾಮಿಯೂ ಶಿಷ್ಯರಿಗೆ ಶಾಂತಿ ಹೇಳಿದ ಕೂಡಲೇ ಕೈ ಮತ್ತು ಪಕ್ಕೆಯ ಗಾಯ ತೋರಿಸಿದರು. ಮಹಿಮೆಯ ದೇಹದಲ್ಲೂ ಗಾಯ ಉಳಿಯಿತು. ಗಾಯವನ್ನು ಅಡಗಿಸಿ ಶಾಂತಿ ಹೇಳಲಿಲ್ಲ.

ಎರಡನೆಯದು, ಗಾಯವನ್ನು ದೊಣ್ಣೆ ಮಾಡಿಕೊಳ್ಳುವುದು. ನಮಗಾದ ನೋವನ್ನು ನಾಯಿ ಮೂಳೆ ಕಚ್ಚಿಕೊಂಡ ಹಾಗೆ ಕಚ್ಚಿಕೊಂಡು, ಇವತ್ತಿನ ಎದುರಾಳಿಯನ್ನು ಹೊಡೆಯಲು ಬಳಸುವುದು. 2024ರಲ್ಲಿ ಕೇಂದ್ರ ಸರಕಾರ ಜೂನ್ 25ನ್ನು ಸಂವಿಧಾನ ಹತ್ಯಾ ದಿನವೆಂದು ಘೋಷಿಸಿತು. ಅಂದು ಜೈಲು ಸೇರಿದವರನ್ನು ನೆನೆಯುವುದು ಸರಿಯೇ. ಆದರೆ ಆ ದಿನ ಬಂದಾಗ ಒಂದು ಪಕ್ಷ ಇನ್ನೊಂದನ್ನು ಬೈಯುತ್ತದೆ, ಇನ್ನೊಂದು ನೀವೇನು ಕಡಿಮೆ ಎನ್ನುತ್ತದೆ. ಸ್ನೇಹಲತಾ ಅವರ ಹೆಸರು ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಸ್ಪೇನಿನಲ್ಲಿ ಮೂಳೆಗಳ ಸುತ್ತ ನಡೆಯುವ ಜಗಳವೂ ಇದೇ.

ಇವೆರಡರ ನಡುವೆ ಒಂದು ದಾರಿ ಇದೆ. ಅದನ್ನು ನಾವು ಮೊದಲ ಪರಮಪ್ರಸಾದಕ್ಕೆ ಮುಂಚೆಯೇ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಪಾಪವನ್ನು ನೆನಪಿಗೆ ತಂದುಕೊಳ್ಳಬೇಕು, ದುಃಖಪಡಬೇಕು, ಬಾಯಿಬಿಟ್ಟು ಹೇಳಬೇಕು, ಮತ್ತೆ ಮಾಡುವುದಿಲ್ಲವೆಂದು ನಿಶ್ಚಯಿಸಬೇಕು, ಪ್ರಾಯಶ್ಚಿತ್ತ ಮಾಡಬೇಕು. ಜಕ್ಕಾಯನು ಕ್ಷಮೆ ಪಡೆದದ್ದಷ್ಟೇ ಅಲ್ಲ, ಕಸಿದದ್ದನ್ನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪಿದ. 2000ದ ಮಾರ್ಚ್ 12ರಂದು ಸಂತ ಎರಡನೆಯ ಜಾನ್ ಪೌಲರು ಧರ್ಮಸಭೆಯ ಮಕ್ಕಳು ಚರಿತ್ರೆಯಲ್ಲಿ ಮಾಡಿದ ಪಾಪಗಳಿಗಾಗಿ ಲೋಕದ ಮುಂದೆ ಕ್ಷಮೆ ಬೇಡಿದರು. ಅದರಿಂದ ಧರ್ಮಸಭೆ ಚಿಕ್ಕದಾಗಲಿಲ್ಲ.

ನಮ್ಮ ದೇಶವೂ ಈ ದಾರಿಯಲ್ಲಿ ಕೆಲವು ಹೆಜ್ಜೆ ನಡೆದಿದೆ. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ಪ್ರಕರಣದ ತೀರ್ಪು ಬಂತು. ಎಮರ್ಜೆನ್ಸಿ ಇರುವಾಗ ಪೊಲೀಸನೊಬ್ಬ ದ್ವೇಷದಿಂದ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಖನ್ನಾ ಕೇಳಿದರು. ಇಲ್ಲವೆಂದೇ ಸರಕಾರದ ವಕೀಲರು ಉತ್ತರಿಸಿದರು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಸರಕಾರದ ಮಾತನ್ನೇ ಒಪ್ಪಿದರು. ಖನ್ನಾ ಒಬ್ಬರೇ ಬೇಡವೆಂದರು. ಅದಕ್ಕಾಗಿ ಅವರ ಕೈಗೆ ಬರಬೇಕಾಗಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಬೇರೆಯವರಿಗೆ ಹೋಯಿತು. 1978ರಲ್ಲಿ ಸಂವಿಧಾನದ 44ನೆಯ ತಿದ್ದುಪಡಿ ಬಂತು. ಎಂಥ ತುರ್ತುಪರಿಸ್ಥಿತಿಯಲ್ಲೂ ಬದುಕುವ ಹಕ್ಕಿಗಾಗಿ ಕೋರ್ಟಿನ ಬಾಗಿಲು ತಟ್ಟುವುದನ್ನು ತಡೆಯಲಾಗದು ಎಂದು ಬರೆಯಲಾಯಿತು. ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ತಮ್ಮ ಮುಪ್ಪಿನಲ್ಲಿ ಹೂಡಿದ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠ 1976ರ ಆ ತೀರ್ಪನ್ನು ತಪ್ಪೆಂದು ತಳ್ಳಿಹಾಕಿತು. ಹಳೆಯ ತೀರ್ಪು ಕೊಟ್ಟವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. ಅದು ತಪ್ಪು ಎಂದು ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್. ಮಗ ತಂದೆಯನ್ನು ಅವಮಾನಿಸಲಿಲ್ಲ, ತಂದೆಯ ತಪ್ಪನ್ನು ತಿದ್ದಿದರು. ತಂದೆತಾಯಿಯನ್ನು ಗೌರವಿಸು ಎಂಬ ಕಟ್ಟಳೆಯನ್ನು ಪಾಲಿಸುವ ಒಂದು ಬಗೆ ಇದೂ ಹೌದು.

ಬೆಂಗಳೂರಿನ ಆ ಸೆಂಟ್ರಲ್ ಜೈಲು ಈಗ ಇಲ್ಲ. 2008ರಿಂದ ಅದು ಫ್ರೀಡಂ ಪಾರ್ಕ್. ಜನ ಅಲ್ಲಿ ವಾಯುವಿಹಾರ ಮಾಡುತ್ತಾರೆ, ಧರಣಿ ಕೂರುತ್ತಾರೆ. ಆದರೆ ಅರಸರ ಪ್ರಶ್ನೆ ಹಾಗೆಯೇ ಇದೆ. ಇಂದು ನಮ್ಮ ದೇಶದ ಜೈಲುಗಳಲ್ಲಿರುವ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಇನ್ನೂ ತೀರ್ಪಾಗದವರು. ವಕೀಲರಿಗೆ ಕೊಡಲು ಹಣವಿಲ್ಲದೆ, ಜಾಮೀನಿಗೆ ನಿಲ್ಲುವವರಿಲ್ಲದೆ ಕೂತವರು. ಬೆಂಗಳೂರಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನಲ್ಲಿ ವರ್ಷಗಟ್ಟಲೆ ನಿರ್ದೇಶಕರಾಗಿದ್ದ ಯೇಸುಸಭೆಯ ಗುರು ಸ್ಟ್ಯಾನ್ ಸ್ವಾಮಿಯವರನ್ನು 2020ರ ಅಕ್ಟೋಬರ್‌ನಲ್ಲಿ ಬಂಧಿಸಿದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ನೀರು ಕುಡಿಯಲು ಸಿಪ್ಪರ್ ಲೋಟಕ್ಕಾಗಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ವಿಚಾರಣೆ ಆರಂಭವಾಗುವ ಮೊದಲೇ, 2021ರ ಜುಲೈ 5ರಂದು, 84ನೆಯ ವಯಸ್ಸಿನಲ್ಲಿ ತೀರಿಕೊಂಡರು. 1977ರಲ್ಲಿ ಒಂದು ಸರಕಾರ, 2021ರಲ್ಲಿ ಇನ್ನೊಂದು ಸರಕಾರ. ಆದ್ದರಿಂದ ಇದು ಪಕ್ಷದ ಮಾತಲ್ಲ. ಲಗಾಮಿಲ್ಲದ ಅಧಿಕಾರ ಯಾರ ಕೈಯಲ್ಲಿದ್ದರೂ ಮೊದಲು ತುಳಿಯುವುದು ರೋಗಿಯನ್ನು, ಬಡವನನ್ನು.

"ಒಬ್ಬ ಗಟ್ಟಿ ಮನುಷ್ಯ ಬಂದರೆ ಎಲ್ಲ ಸರಿಹೋಗುತ್ತದೆ" ಎಂದು ನಾವು ಎಷ್ಟು ಸಲ ಹೇಳುವುದಿಲ್ಲ! ದೇಶಕ್ಕಷ್ಟೇ ಅಲ್ಲ, ಮನೆಗೂ ಹಾಗೇ ಹೇಳುತ್ತೇವೆ. ತಂದೆಯ ಮಾತಿಗೆ ಯಾರೂ ಎದುರಾಡದ ಮನೆಯನ್ನು ಶಿಸ್ತಿನ ಮನೆ ಎನ್ನುತ್ತೇವೆ. ಅಲ್ಲಿ ತಾಯಿ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನೋಡುವುದಿಲ್ಲ. ಸ್ವಸಹಾಯ ಸಂಘದಲ್ಲಿ, ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ, ಗುರುಗಳಾದ ನಮ್ಮಲ್ಲೂ ಈ ಶೋಧನೆ ಇದೆ. ನಾವು ಆರಾಧಿಸುವ ಅರಸರೋ ಸೊಂಟಕ್ಕೆ ಟವಲು ಕಟ್ಟಿ ಶಿಷ್ಯರ ಕಾಲು ತೊಳೆದವರು. ಅವರ ಕಿರೀಟ ಮುಳ್ಳಿನದು. ಅವರೇ ಒಂದು ರಾತ್ರಿ ಬಂಧನಕ್ಕೊಳಗಾಗಿ, ಸುಳ್ಳು ಸಾಕ್ಷಿಗಳ ಮುಂದೆ ನಿಂತು, ಬೆಳಗಾಗುವುದರೊಳಗೆ ಏಟು ತಿಂದವರು.

ನಮ್ಮ ಹಳ್ಳಿಗಳಿಗೂ ಬರೋಣ. ಬೇಸಿಗೆ ಬೆಳೆಗೆ ಭದ್ರಾ ನಾಲೆಯ ನೀರು ಕೊನೆಭಾಗದ ಗದ್ದೆಗೆ ಮುಟ್ಟದಿದ್ದಾಗ ತೂಬಿನ ಹತ್ತಿರ ಆದ ಜಗಳ, ಪಾಲಿನಲ್ಲಿ ಒಂದು ಬದು ಆಚೆಗೆ ಹೋದದ್ದು, ಪಂಚಾಯಿತಿ ಚುನಾವಣೆಯಲ್ಲಿ ಅಣ್ಣನಿಗೆ ತಮ್ಮ ಮತ ಹಾಕದೇ ಇದ್ದದ್ದು, ಇವುಗಳಿಂದ ಮಾತು ಬಿಟ್ಟ ಮನೆಗಳು ಎಷ್ಟಿಲ್ಲ? ಇಪ್ಪತ್ತು ವರ್ಷವಾದರೂ ಒಂದೇ ಪೂಜೆಗೆ ಬಂದು ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಮಕ್ಕಳಿಗೆ ದೊಡ್ಡಪ್ಪ ಯಾರೆಂದು ಗೊತ್ತು, ಏಕೆ ಮಾತಾಡಬಾರದು ಎಂಬುದು ಗೊತ್ತಿಲ್ಲ. ಸ್ಪೇನಿನ ಮೊಮ್ಮಕ್ಕಳಂತೆ ಅವರೂ ಒಂದು ದಿನ ಅಗೆಯಬೇಕಾಗುತ್ತದೆ.

ಹರಿಹರ ಎಂಬ ಹೆಸರಿನಲ್ಲೇ ನಮ್ಮ ಸೀಮೆಗೆ ಒಂದು ಪಾಠವಿದೆ. ಹರನ ಭಕ್ತರೂ ಹರಿಯ ಭಕ್ತರೂ ಬೇರೆಯಾಗಬಾರದೆಂದು ನಮ್ಮ ನೆರೆಹೊರೆಯ ಬಂಧುಗಳ ಹಿರಿಯರು ಹದಿಮೂರನೆಯ ಶತಮಾನದಲ್ಲೇ ಇಬ್ಬರನ್ನೂ ಒಂದೇ ಮೂರ್ತಿಯಲ್ಲಿ ಕಂಡು ಗುಡಿ ಕಟ್ಟಿದರು. ಅದೇ ತುಂಗಭದ್ರೆಯ ಊರಿನಲ್ಲಿ ಆರೋಗ್ಯ ಮಾತೆಯ ಮುಂದೆ ಸೆಪ್ಟೆಂಬರ್ ಎಂಟರಂದು ಎಲ್ಲ ಜಾತಿಯವ��ೂ ಮೇಣದಬತ್ತಿ ಹಿಡಿದು ನಿಲ್ಲುತ್ತಾರೆ. ಇಂಥ ನೆಲದಲ್ಲಿ ಹುಟ್ಟಿದ ನಮಗೆ ರಾಜಿಯಾಗುವುದು ಪರಕೀಯ ವಿದ್ಯೆಯಲ್ಲ.

ಈ ಆಗಮನಕಾಲದಲ್ಲಿ ಮೂರು ಕೆಲಸ ಮಾಡೋಣ. ಒಂದು, ಸಂಜೆಯ ಜಪಸರ ಮುಗಿದ ಮೇಲೆ ಮನೆಯ ಅಜ್ಜ ಅಜ್ಜಿಯರನ್ನು ಕೇಳೋಣ: ಆ ದಿನಗಳಲ್ಲಿ ಏನು ನಡೆಯಿತು, ಯಾರು ನೋವುಂಡರು, ಯಾರು ಸಹಾಯ ಮಾಡಿದರು? ಎಮರ್ಜೆನ್ಸಿ ಕಂಡ ಹಿರಿಯರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು. ಕೇಳುವ ಕಾಲ ಇನ್ನು ಹೆಚ್ಚಿಲ್ಲ. ಅವರು ಹೊಗಳಿದರೂ ತೆಗಳಿದರೂ ಪೂರ್ತಿ ಕೇಳೋಣ. ಎರಡು, ಮಾತು ಬಿಟ್ಟ ಒಂದು ಮನೆಗೆ ಕ್ರಿಸ್ಮಸ್ಸಿಗೆ ಮುಂಚೆ ಹೋಗೋಣ. ಕುಸ್ವಾರ್ ತಟ್ಟೆ ಹಿಡಿದುಕೊಂಡು ಹೋದರೆ ಸಾಲದು. ಏನಾಯಿತು ಎಂಬುದನ್ನು ಮೆಲ್ಲಗೆ ಹೇಳಿ, ಅವರದನ್ನೂ ಕೇಳಿ, ನಮ್ಮಿಂದ ಹೋದದ್ದು ಏನಾದರೂ ಇದ್ದರೆ ಹಿಂದಕ್ಕೆ ಕೊಡೋಣ. ಮೂರು, ಸೆರೆಯಲ್ಲಿರುವವರ ಒಂದು ಕುಟುಂಬಕ್ಕೆ ಆಸರೆಯಾಗೋಣ. ಧರ್ಮಸಭೆಯ ಪ್ರಿಸನ್ ಮಿನಿಸ್ಟ್ರಿಯವರು ಈ ಸೇವೆ ಮಾಡುತ್ತಿದ್ದಾರೆ. ಅವರ ಜೊತೆ ಹೋಗಿ ಬರಬಹುದು. ಅದಾಗದಿದ್ದರೆ, ಮನೆಯ ಗಂಡಸು ಜೈಲಿನಲ್ಲಿರುವಾಗ ಹೆಂಡತಿ ಮಕ್ಕಳನ್ನು ಊರವರು ದೂರವಿಟ್ಟಿರುವ ಕಡೆ ಒಂದು ಸೇರು ಅಕ್ಕಿ ಕೊಟ್ಟು, ಮಗುವಿನ ಶಾಲೆಯ ಶುಲ್ಕ ಕಟ್ಟಿ ಬರಬಹುದು. ಅವನು ತಪ್ಪು ಮಾಡಿದ್ದಾನೋ ಇಲ್ಲವೋ ನ್ಯಾಯಾಲಯ ನೋಡಲಿ. ನಮ್ಮ ಅರಸರು ನಮ್ಮನ್ನು ಕೇಳುವುದು ಬೇರೆ.

ಇನ್ನು ಸ್ವಲ್ಪ ಹೊತ್ತಿನಲ್ಲಿ ನಾವು ಒಬ್ಬರಿಗೊಬ್ಬರು ಶಾಂತಿ ಹೇಳಿ, ಒಂದೇ ಪೀಠದಿಂದ ಪರಮಪ್ರಸಾದ ಸ್ವೀಕರಿಸುತ್ತೇವೆ. ಅಂದು ಹಿಂಸೆಯಿಂದ ಸತ್ತ ಎರಡೂ ಕಡೆಯ ಸ್ಪೇನಿನವರನ್ನು, ಸ್ನೇಹಲತಾ ರೆಡ್ಡಿಯವರನ್ನು, ಗುರು ಸ್ಟ್ಯಾನ್ ಸ್ವಾಮಿಯವರನ್ನು, ಹೆಸರಿಲ್ಲದೆ ಹೋದ ಎಲ್ಲರನ್ನು ಈ ಬಲಿಪೂಜೆಯಲ್ಲಿ ನೆನೆಯೋಣ. ನೋವು ಕೊಟ್ಟವರಿಗಾಗಿಯೂ ಪ್ರಾರ್ಥಿಸೋಣ. ಕ್ರಿಸ್ತರಾಜರು ನಮ್ಮ ದೇಶವನ್ನು ಆಳುವವರಿಗೆ ಸೇವಕರ ಮನಸ್ಸನ್ನೂ, ನಮಗೆ ಸತ್ಯ ಹೇಳುವ ಧೈರ್ಯವನ್ನೂ ಕ್ಷಮಿಸುವ ಹೃದಯವನ್ನೂ ದಯಪಾಲಿಸಲಿ. ಆಮೆನ್.